ಏಳೆಂಟು ವರ್ಷದ ನಾಗರಿಕರು: ಪ್ರಾಥಮಿಕ ಶಾಲೆಯಲ್ಲಿ ಕಾಳಜಿ ಮತ್ತು ಹೊಣೆ ಕಲಿಸುವುದು ಹೇಗೆ?

ಮಗುವಿನ ವೇಳಾಪಟ್ಟಿಯಲ್ಲಿ ‘ತರಗತಿ ಸಭೆ’ ಎಂಬ ಹೊಸ ಅವಧಿ ಕಾಣಿಸಿಕೊಂಡಾಗ ಪೋಷಕರಿಗೆ ಎರಡು ಅನುಮಾನ ಬರುತ್ತವೆ. ಇಷ್ಟು ಚಿಕ್ಕವರಿಗೆ ರಾಜಕೀಯ ಯಾಕೆ? ಒಳ್ಳೆಯದು ಕೆಟ್ಟದ್ದು ಹೇಳಿಕೊಡಲು ನೀತಿಪಾಠ ಇದೆಯಲ್ಲ? ಶಿಕ್ಷಕರ ಕಷ್ಟ ಬೇರೆ. ‘ಮಕ್ಕಳನ್ನು ಕಾಳಜಿಯುಳ್ಳ, ಸಕ್ರಿಯ ನಾಗರಿಕರನ್ನಾಗಿ ಬೆಳೆಸಿ’ ಎಂಬ ವಾಕ್ಯ ಪಠ್ಯಕ್ರಮದಲ್ಲಿ ಇರುತ್ತದೆ. ಸೋಮವಾರ ಬೆಳಗ್ಗೆ ಮೂವತ್ತು ಮಕ್ಕಳ ಮುಂದೆ ನಿಂತಾಗ ಅದಕ್ಕಾಗಿ ಏನು ಮಾಡಬೇಕು ಎಂಬುದು ಮಾತ್ರ ಅಲ್ಲಿ ಇರುವುದಿಲ್ಲ.

## ಇಲ್ಲಿ ನಾಗರಿಕ ಎಂದರೆ ಯಾರು?

ಪೌರತ್ವದ ಕಾಗದಪತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಹಲವರು ಸೇರಿ ಬಳಸುವ ಜಾಗ, ವಸ್ತು, ನಿಯಮಗಳ ಮೇಲೆ ಯಾರಿಗೆ ಹೊಣೆಯೂ ಹಕ್ಕೂ ಇದೆಯೋ ಅವರು ಅಷ್ಟರಮಟ್ಟಿಗೆ ನಾಗರಿಕರು. ತರಗತಿ, ಮೈದಾನ, ಶೌಚಾಲಯ, ಶಾಲೆಯ ದಾರಿ ಇವೆಲ್ಲ ಮಗು ಇತರರೊಂದಿಗೆ ಹಂಚಿಕೊಂಡ ಜಾಗಗಳು. ಹಾಗಾಗಿ ಮತದಾನದ ವಯಸ್ಸು ಬರುವವರೆಗೆ ಕಾಯಬೇಕಿಲ್ಲ. ವಿಶ್ವಸಂಸ್ಥೆ 1989ರ ನವೆಂಬರ್ 20ರಂದು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಇದನ್ನೇ ಹೇಳುತ್ತದೆ. ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ, ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಆ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎಂಬುದು ಅದರ 12ನೇ ವಿಧಿ. ಮಗು ಹೇಳಿದಂತೆಯೇ ನಡೆಯಬೇಕು ಎಂದು ಅದು ಹೇಳುವುದಿಲ್ಲ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

‘ಒಳ್ಳೆಯ ನಾಗರಿಕ’ ಎನ್ನುವಾಗ ಎಲ್ಲರ ಮನಸ್ಸಿನಲ್ಲೂ ಒಂದೇ ಚಿತ್ರ ಇರುವುದಿಲ್ಲ. ಜೋಯೆಲ್ ವೆಸ್ಟ್‌ಹೈಮರ್ ಮತ್ತು ಜೋಸೆಫ್ ಕಾಹ್ನ್ ಎಂಬ ಶಿಕ್ಷಣ ಸಂಶೋಧಕರು 2004ರಲ್ಲಿ ಇದನ್ನು ಮೂರಾಗಿ ಬಿಡಿಸಿ ಹೇಳಿದರು. ಮೈದಾನದಲ್ಲಿ ಕಸ ಬಿದ್ದಿದೆ ಎಂದುಕೊಳ್ಳಿ. ತಾನು ಕಸ ಹಾಕದೆ, ಕಂಡದ್ದನ್ನು ಎತ್ತಿ ಬುಟ್ಟಿಗೆ ಹಾಕುವ ಮಗು ಮೊದಲನೆಯ ಬಗೆ: ವೈಯಕ್ತಿಕವಾಗಿ ಹೊಣೆಯರಿತವರು. ನಾಲ್ವರನ್ನು ಸೇರಿಸಿ ಪಾಳಿ ಹಂಚಿ ಕೆಲಸ ನಡೆಸುವ ಮಗು ಎರಡನೆಯ ಬಗೆ: ಪಾಲ್ಗೊಳ್ಳುವವರು. ಕಸ ಇದೇ ಮೂಲೆಯಲ್ಲಿ ಯಾಕೆ ಸೇರುತ್ತದೆ, ಬುಟ್ಟಿ ಎಲ್ಲಿಡಬೇಕೆಂದು ತೀರ್ಮಾನಿಸಿದ್ದು ಯಾರು, ಅದನ್ನು ಬದಲಿಸಲು ಯಾರನ್ನು ಕೇಳಬೇಕು ಎಂದು ಹುಡುಕುವ ಮಗು ಮೂರನೆಯ ಬಗೆ: ಕಾರಣವನ್ನೂ ನ್ಯಾಯವನ್ನೂ ಕೇಳುವವರು.

ಬಹುತೇಕ ಶಾಲೆಗಳು ಮೊದಲನೆಯದರಲ್ಲೇ ನಿಂತುಬಿಡುತ್ತವೆ. ಶಿಸ್ತು, ಸ್ವಚ್ಛತೆ, ವಿಧೇಯತೆ ಕಲಿಸುವುದು ಸುಲಭ, ಕಣ್ಣಿಗೂ ಕಾಣುತ್ತದೆ. ಅವು ಬೇಕು ಕೂಡ. ಆದರೆ ‘ಸಕ್ರಿಯ’ ಎಂಬ ಮಾತಿಗೆ ಅರ್ಥ ಬರುವುದು ಉಳಿದೆರಡು ಸೇರಿದಾಗ.

## ಯಾವ ವಯಸ್ಸಿಗೆ ಎಷ್ಟು

ನೆರವಾಗುವ ಪ್ರವೃತ್ತಿಯನ್ನು ಶಾಲೆ ಹೊಸದಾಗಿ ಹುಟ್ಟಿಸಬೇಕಿಲ್ಲ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ 18 ತಿಂಗಳ ಮಕ್ಕಳು, ಅಪರಿಚಿತರ ಕೈಯಿಂದ ವಸ್ತು ಜಾರಿಬಿದ್ದು ಅದು ಅವರಿಗೆ ಎಟುಕದಿದ್ದಾಗ ತಾವಾಗಿಯೇ ಹೋಗಿ ಎತ್ತಿಕೊಟ್ಟವು. ಹಾಗಾದರೆ ಶಾಲೆಗೆ ಉಳಿಯುವ ಕೆಲಸ ಯಾವುದು? ಈ ಪ್ರವೃತ್ತಿಯನ್ನು ಗೆಳೆಯರ ಗುಂಪಿನಾಚೆಗೂ ಒಯ್ಯುವುದು, ಅದಕ್ಕೆ ಯೋಚನೆ ಸೇರಿಸುವುದು.

ಕಾಳಜಿಯಲ್ಲಿ ಎರಡು ಭಾಗಗಳಿವೆ. ಇನ್ನೊಬ್ಬರ ನೋವು ತನಗೂ ತಟ್ಟುವುದು ಒಂದು. ಆ ವ್ಯಕ್ತಿಗೆ ಏನು ಬೇಕಿರಬಹುದು ಎಂದು ಊಹಿಸುವುದು ಇನ್ನೊಂದು. ಮೊದಲನೆಯದು ಬೇಗ ಬರುತ್ತದೆ, ಎರಡನೆಯದು ನಿಧಾನ. ಅಳುತ್ತಿರುವ ಸಹಪಾಠಿಗೆ ಪುಟ್ಟ ಮಗು ತನ್ನದೇ ಗೊಂಬೆ ತಂದುಕೊಡುವುದು ಇದರಿಂದಲೇ. ತನಗೆ ಸಮಾಧಾನ ಕೊಡುವುದು ಅವಳಿಗೂ ಕೊಡುತ್ತದೆ ಎಂಬುದು ಅದರ ಲೆಕ್ಕ. ಆರೇಳರ ಹೊತ್ತಿಗೆ ‘ಅವಳಿಗೆ ಬೇರೇನೋ ಬೇಕಿರಬಹುದು’ ಎಂದು ಯೋಚಿಸುವ ಶಕ್ತಿ ಗಟ್ಟಿಯಾಗುತ್ತಾ ಬರುತ್ತದೆ. ಒಂಬತ್ತು ಹತ್ತರ ಹೊತ್ತಿಗೆ ಎಂದೂ ಕಾಣದ ಜನರ ಪಾಡನ್ನೂ, ಒಂದು ದಿನದ್ದಲ್ಲದ, ವರ್ಷಗಟ್ಟಲೆಯ ಕಷ್ಟವನ್ನೂ ಕಲ್ಪಿಸಿಕೊಳ್ಳಬಲ್ಲರು. ಹೀಗಾಗಿ ಒಂದು, ಎರಡನೇ ತರಗತಿಯ ವಿಷಯ ಕಣ್ಣಳತೆಯಲ್ಲೇ ಇರಬೇಕು: ಬೆಂಚು, ಚೆಂಡು, ಹೊಸದಾಗಿ ಸೇರಿದ ಮಗು. ದೂರದ ವಿಷಯಗಳು ನಾಲ್ಕು, ಐದನೇ ತರಗತಿಗೆ.

ಇಲ್ಲೊಂದು ಸಾಮಾನ್ಯ ತಪ್ಪು ನಡೆಯುತ್ತದೆ. ಮಕ್ಕಳ ಮನ ಕರಗಲಿ ಎಂದು ಯುದ್ಧ, ಹಸಿವು, ಪ್ರವಾಹದ ತೀವ್ರ ಚಿತ್ರಗಳನ್ನು ತೋರಿಸುತ್ತಾರೆ. ತಟ್ಟುವ ನೋವು ತಡೆಯಲಾರದಷ್ಟಾದರೆ ಮಗು ಆ ವ್ಯಕ್ತಿಯನ್ನು ಬಿಟ್ಟು ತನ್ನ ಸಂಕಟವನ್ನೇ ನೋಡಿಕೊಳ್ಳಲು ಶುರುಮಾಡುತ್ತದೆ. ಮುಖ ತಿರುಗಿಸುತ್ತದೆ, ನಗುತ್ತದೆ, ಇಲ್ಲವೇ ರಾತ್ರಿ ನಿದ್ದೆಗೆಡುತ್ತದೆ. ಅಂಥ ಸುದ್ದಿಯನ್ನು ಮಗುವೇ ಎತ್ತಿದಾಗ, ನೆರವಿಗೆ ಯಾರು ಹೋಗಿದ್ದಾರೆ, ಹೇಗೆ ಕೆಲಸ ಮಾಡುತ್ತಿದ್ದಾರೆ ಎಂಬುದನ್ನೂ ಜೊತೆಯಲ್ಲೇ ಹೇಳಿದರೆ ಯೋಚನೆಗೆ ಜಾಗ ಉಳಿಯುತ್ತದೆ.

## ಉಪದೇಶ ಯಾಕೆ ಸಾಲದು, ಬಹುಮಾನ ಯಾಕೆ ತಿರುಗುಬಾಣ

‘ಹಂಚಿಕೊಳ್ಳಬೇಕು’ ಎಂಬುದು ಮಕ್ಕಳಿಗೆ ಗೊತ್ತಿಲ್ಲದ ವಿಷಯವೇನಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ 3ರಿಂದ 8 ವರ್ಷದವರನ್ನು ನೋಡಿತು. ಸ್ಟಿಕ್ಕರ್‌ಗಳನ್ನು ಸಮನಾಗಿ ಹಂಚಬೇಕೆಂದು ಚಿಕ್ಕವರೂ ಹೇಳಿದರು, ಆದರೆ ಹಂಚುವಾಗ ತಮಗೇ ಹೆಚ್ಚು ಇಟ್ಟುಕೊಂಡರು. ಏಳೆಂಟು ವರ್ಷದವರಲ್ಲಿ ಮಾತು ಮತ್ತು ಕೈ ಒಂದಾದವು. ನಿಯಮವನ್ನು ಇನ್ನೊಮ್ಮೆ ಹೇಳಿಕೊಡುವುದರಿಂದ ಈ ಅಂತರ ತುಂಬುವುದಿಲ್ಲ. ಹಂಚುವ ಸಂದರ್ಭಗಳು ಮತ್ತೆ ಮತ್ತೆ ಬರಬೇಕು.

ಬಹುಮಾನದ ಕತೆ ಇನ್ನೂ ಸ್ವಾರಸ್ಯದ್ದು. 1973ರ ಪ್ರಸಿದ್ಧ ಪ್ರಯೋಗದಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು, ಚಿತ್ರ ಬಿಡಿಸಲು ಇಷ್ಟಪಡುವ ಶಿಶುವಿಹಾರದ ಕೆಲವು ಮಕ್ಕಳಿಗೆ ಮೊದಲೇ ಬಹುಮಾನದ ಆಸೆ ತೋರಿಸಿ ಚಿತ್ರ ಬಿಡಿಸಲು ಹೇಳಿದರು. ಆಮೇಲೆ ಬಿಡುವಿನ ವೇಳೆಯಲ್ಲಿ ಅದೇ ಮಕ್ಕಳು ಉಳಿದವರಿಗಿಂತ ಕಡಿಮೆ ಚಿತ್ರ ಬಿಡಿಸಿದರು. ನೆರವಾಗುವುದರಲ್ಲೂ ಹೀಗೇ. 20 ತಿಂಗಳ ಮಕ್ಕಳಿಗೆ ಸಹಾಯಕ್ಕಾಗಿ ಆಟಿಕೆ ಕೊಟ್ಟಾಗ ಮುಂದಿನ ಸಹಾಯ ಕಡಿಮೆಯಾಯಿತು ಎಂದು 2008ರ ಪ್ರಯೋಗ ತೋರಿಸಿತು. ‘ದಯೆಯ ನಕ್ಷತ್ರ’ಗಳ ಪಟ್ಟಿ ಗೋಡೆಗೆ ಬಂದ ಮೇಲೆ ಮಕ್ಕಳು ಟೀಚರ್ ನೋಡುವಾಗ ಮಾತ್ರ ಸಹಾಯಕ್ಕೆ ಧಾವಿಸುತ್ತಾರೆ ಎಂಬ ದೂರಿನ ಬೇರು ಇಲ್ಲಿದೆ.

ಬದಲಿಗೆ, ಕೆಲಸದ ಪರಿಣಾಮವನ್ನು ಇದ್ದಂತೆ ಹೇಳಿ. ‘ಜಾಣ ಮರಿ’ ಎನ್ನುವುದಕ್ಕಿಂತ ‘ನೀನು ಕುರ್ಚಿ ಸರಿಸಿದ್ದರಿಂದ ಅವನ ಗಾಲಿಕುರ್ಚಿ ಹೋಗಲು ದಾರಿಯಾಯಿತು’ ಎನ್ನುವುದು ಲೇಸು. ಮಗುವಿನ ಕಣ್ಣು ಆಗ ತನ್ನ ಹೆಸರಿನಿಂದ ಅವನ ಅನುಕೂಲದ ಕಡೆಗೆ ಹೊರಳುತ್ತದೆ.

## ತರಗತಿ ಸಭೆ: ಈ ಕಲಿಕೆಯ ಯಂತ್ರ

ವಾರಕ್ಕೊಮ್ಮೆ, ನಿಗದಿತ ದಿನ, ನಿಗದಿತ ವೇಳೆ. ಆರೇಳು ವರ್ಷದವರಿಗೆ 15 ನಿಮಿಷ ಸಾಕು, ಎಂಟರಿಂದ ಹತ್ತರವರಿಗೆ 25 ನಿಮಿಷ. ಎಲ್ಲರೂ ವೃತ್ತಾಕಾರದಲ್ಲಿ, ಶಿಕ್ಷಕರೂ ಮಕ್ಕಳ ಎತ್ತರದಲ್ಲೇ ಕೂರುತ್ತಾರೆ. ಹಿಂದೆ ಕೂತವರು ಮುಂದಿನವರ ಬೆನ್ನು ನೋಡುವ ಏರ್ಪಾಡಿನಲ್ಲಿ ಮಾತು ಶಿಕ್ಷಕರ ಕಡೆಗೇ ಹರಿಯುತ್ತದೆ.

ವಿಷಯಗಳು ಒಂದು ಪೆಟ್ಟಿಗೆಯಿಂದ ಬರುತ್ತವೆ. ವಾರವಿಡೀ ಮಕ್ಕಳು ಚೀಟಿ ಹಾಕಬಹುದು. ಚೀಟಿಯಲ್ಲಿ ಮೂರು ಸಾಲು: ಬರೆದವರ ಹೆಸರು, ಸಮಸ್ಯೆ, ಏನಾದರೆ ಚೆನ್ನ. ಬರೆಯಲು ಬಾರದವರು ಚಿತ್ರ ಬಿಡಿಸಲಿ. ಸಭೆಗೆ ಮುನ್ನ ಶಿಕ್ಷಕರು ಎಲ್ಲ ಚೀಟಿಗಳನ್ನೂ ಓದಲೇಬೇಕು. ಮನೆಯ ಸಂಕಟ, ದೈಹಿಕ ಹಿಂಸೆ, ಆರೋಗ್ಯದ ವಿಷಯ ಇದ್ದರೆ ಅದು ವೃತ್ತಕ್ಕೆ ಬರಬಾರದು, ಆ ಮಗುವಿನ ಜೊತೆ ಪ್ರತ್ಯೇಕವಾಗಿ ಮಾತಾಡಬೇಕು. ಒಬ್ಬರ ಹೆಸರು ಹಿಡಿದು ದೂರಿದ ಚೀಟಿಯನ್ನು ಬರೆದವರ ಜೊತೆ ಕೂತು ತಿದ್ದಬೇಕು. ‘ಅವನು ಚೆಂಡು ಬಿಡುವುದೇ ಇಲ್ಲ’ ಎಂಬುದು ‘ಎರಡು ಚೆಂಡು, ಮೂವತ್ತು ಜನ, ಹಂಚಿಕೊಳ್ಳುವುದು ಹೇಗೆ?’ ಎಂದಾಗಲಿ. ಒಂದು ಸಭೆಗೆ ಒಂದು ವಿಷಯ, ಚಿಕ್ಕದಾದರೆ ಎರಡು.

25 ನಿಮಿಷವನ್ನು ಹೀಗೆ ಹಂಚಬಹುದು. ಹಿಂದಿನ ವಾರದ ತೀರ್ಮಾನ ಏನಾಯಿತು ಎಂದು ನೋಡಲು 3 ನಿಮಿಷ. ಧನ್ಯವಾದದ ಸುತ್ತಿಗೆ 5 ನಿಮಿಷ: ಪ್ರತಿಯೊಬ್ಬರೂ ವಾರದಲ್ಲಿ ತನಗಾದ ಒಂದು ಉಪಕಾರವನ್ನು ಒಂದೇ ವಾಕ್ಯದಲ್ಲಿ ಹೇಳುವುದು, ಬೇಡವೆಂದರೆ ‘ಮುಂದೆ’ ಅನ್ನುವುದು. ಮೂವತ್ತು ಮಕ್ಕಳಿಗೆ ತಲಾ ಹತ್ತು ಸೆಕೆಂಡ್‌ನಂತೆ ಲೆಕ್ಕ ಸರಿಹೋಗುತ್ತದೆ. ಚರ್ಚೆಗೆ 11, ತೀರ್ಮಾನಕ್ಕೆ 4, ಬರೆದುಕೊಳ್ಳಲು 2. ಸಭೆ ನಡೆಸುವವರು, ಬರೆಯುವವರು, ವೇಳೆ ನೋಡುವವರು ಹೀಗೆ ಮೂರು ಹೊಣೆ. ವಾರವಾರ ಬದಲಿಸಿದರೆ ಮೂವತ್ತು ಮಕ್ಕಳಿಗೂ ಹತ್ತು ವಾರದಲ್ಲಿ ಒಂದೊಂದು ಸರದಿ. ಚೂಟಿಯಾದವರಿಗೇ ಈ ಕೆಲಸ ಕೊಟ್ಟರೆ ಇನ್ನೊಂದು ಮಾನಿಟರ್ ಪದ್ಧತಿ ಆಗುತ್ತದೆ, ಅಷ್ಟೆ.

ತೀರ್ಮಾನಕ್ಕೆ ಕೂಡಲೇ ಮತ ಹಾಕಿಸುವುದು ಬೇಡ. ಹದಿನಾರು ಜನ ಹದಿನಾಲ್ಕು ಜನರನ್ನು ಸೋಲಿಸಿದರೆ ಹದಿನಾಲ್ಕು ಜನ ಆ ನಿಯಮವನ್ನು ಮುರಿಯಲು ಕಾಯುತ್ತಿರುತ್ತಾರೆ. ಹೆಬ್ಬೆರಳಿನ ವಿಧಾನ ಮಕ್ಕಳಿಗೆ ಬೇಗ ಹತ್ತುತ್ತದೆ: ಮೇಲೆ ಎಂದರೆ ಒಪ್ಪಿಗೆ, ಅಡ್ಡ ಎಂದರೆ ಪೂರ್ತಿ ಇಷ್ಟವಿಲ್ಲ, ಆದರೂ ನಡೆಸುತ್ತೇನೆ, ಕೆಳಗೆ ಎಂದರೆ ಒಪ್ಪಲಾರೆ. ಕೆಳಗೆ ತೋರಿಸಿದವರು ಕಾರಣ ಹೇಳಿ ಬೇರೆ ದಾರಿ ಸೂಚಿಸಬೇಕು. ಮತ ಅನಿವಾರ್ಯವಾದರೆ ಕಣ್ಣು ಮುಚ್ಚಿಸಿ ಕೈ ಎತ್ತಿಸಿ, ಇಲ್ಲದಿದ್ದರೆ ಮುಖಂಡನ ಕೈ ನೋಡಿ ಉಳಿದ ಕೈಗಳು ಏಳುತ್ತವೆ. ತೀರ್ಮಾನದ ಜೊತೆಗೆ ಯಾರು, ಏನು, ಎಂದಿನವರೆಗೆ ಎಂಬುದನ್ನೂ ಬರೆಯಬೇಕು. ಯಾವ ನಿಯಮವೂ ಮೊದಲು ಎರಡು ವಾರದ ಪರೀಕ್ಷೆಗೆ. ನಿಯಮ ಮನುಷ್ಯರು ಮಾಡಿದ್ದು, ತಿದ್ದಬಹುದಾದದ್ದು ಎಂಬ ಪಾಠ ಈ ಎರಡು ವಾರದಲ್ಲೇ ಸಿಗುತ್ತದೆ.

ಎಲ್ಲಕ್ಕೂ ಮೊದಲು, ಮಕ್ಕಳ ಅಧಿಕಾರದ ಗಡಿ ಹೇಳಿಬಿಡಬೇಕು. ಆಟದ ಪಾಳಿ, ಗೋಡೆಯ ಅಲಂಕಾರ, ಕೂರುವ ಜಾಗದಂಥವು ಅವರೇ ತೀರ್ಮಾನಿಸುವಂಥವು. ಮನೆಗೆಲಸ ಒಪ್ಪಿಸುವ ದಿನ, ಪ್ರವಾಸದ ಸಿದ್ಧತೆ ಶಿಕ್ಷಕರ ಜೊತೆ ಸೇರಿ ತೀರ್ಮಾನಿಸುವಂಥವು. ಸುರಕ್ಷತೆ, ಶಾಲೆಯ ವೇಳೆ ದೊಡ್ಡವರದ್ದು, ಅಲ್ಲಿ ಮಕ್ಕಳ ಮಾತು ಕೇಳುತ್ತಾರೆ, ಕಾರಣ ಹೇಳುತ್ತಾರೆ. ಗಡಿ ಹೇಳದೆ ‘ನೀವೇ ತೀರ್ಮಾನಿಸಿ’ ಎಂದು, ಆಮೇಲೆ ‘ಅದು ಆಗದು’ ಎನ್ನುವುದು ಸಭೆಯನ್ನೇ ನಡೆಸದಿರುವುದಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆ.

### ಎಲ್ಲಿ ಕೆಡುತ್ತದೆ?

ಮೊದಲ ತಿಂಗಳಲ್ಲೇ ಸಭೆ ನ್ಯಾಯಾಲಯವಾಗುವುದು ಸಾಮಾನ್ಯ. ಮಕ್ಕಳು ಸೂಚಿಸುವ ಶಿಕ್ಷೆಗಳು ದೊಡ್ಡವರದ್ದಕ್ಕಿಂತ ಕಠಿಣವಾಗಿರುತ್ತವೆ: ‘ಒಂದು ವರ್ಷ ಆಟಕ್ಕೆ ಬಿಡಬೇಡಿ!’ ಆಗ ಪ್ರಶ್ನೆ ಬದಲಿಸಿ. ಏನಾಯಿತು, ಯಾರಿಗೆ ತೊಂದರೆಯಾಯಿತು, ಸರಿಪಡಿಸಲು ಏನು ಬೇಕು. ಶಾಯಿ ಚೆಲ್ಲಿದವರು ಒರೆಸುವುದು ಸರಿಪಡಿಸುವಿಕೆ, ಬಿಸಿಲಲ್ಲಿ ನಿಲ್ಲುವುದು ಶಿಕ್ಷೆ.

ಎರಡನೆಯದು, ಶಿಕ್ಷಕರೇ ಹೆಚ್ಚು ಮಾತಾಡುವುದು. ಇದು ಶಿಕ್ಷಕರಿಗೇ ಗೊತ್ತಾಗುವುದಿಲ್ಲ. ಕೂತಿರುವ ಕ್ರಮದ ನಕ್ಷೆ ಬರೆದು, ಮಾತಾಡಿದವರ ಹೆಸರಿನ ಮುಂದೆ ಪ್ರತಿಸಲ ಒಂದು ಗೀಟು ಹಾಕಲು ಒಂದು ಮಗುವಿಗೆ ಹೇಳಿ. ಆ ಹಾಳೆ ಎಲ್ಲವನ್ನೂ ಹೇಳುತ್ತದೆ, ಬಾಯಿ ಬಿಡದ ಏಳೆಂಟು ಮಕ್ಕಳು ಯಾರೆಂಬುದನ್ನು ಸಹ. ಅವರಿಗಾಗಿ, ಚರ್ಚೆಗೆ ಮೊದಲು ಇಬ್ಬಿಬ್ಬರು ಎರಡು ನಿಮಿಷ ತಮ್ಮೊಳಗೆ ಮಾತಾಡಿಕೊಂಡು, ಆಮೇಲೆ ಒಬ್ಬರು ಇನ್ನೊಬ್ಬರ ಮಾತನ್ನು ಸಭೆಗೆ ಹೇಳುವಂತೆ ಮಾಡಬಹುದು.

## ಒಪ್ಪದೆಯೂ ಜೊತೆಗಿರುವುದು

ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಕಾಯುತ್ತಾರೆ ಎಂದು ಮೇರಿ ಬಡ್ ರೋವ್ 1970ರ ದಶಕದಲ್ಲಿ ಅಳೆದು ತೋರಿಸಿದರು. ಅದನ್ನು ಮೂರು ಸೆಕೆಂಡ್‌ಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹಿಂದೆ ಉಳಿದವರೂ ಬಾಯಿ ಬಿಟ್ಟರು, ಮಕ್ಕಳು ಒಬ್ಬರಿಗೊಬ್ಬರು ಉತ್ತರಿಸತೊಡಗಿದರು. ಖರ್ಚಿಲ್ಲದ ಉಪಾಯ, ಆದರೆ ಮಾಡಿನೋಡಿದವರಿಗೇ ಗೊತ್ತು, ಮೂರು ಸೆಕೆಂಡ್ ಮೌನ ಎಷ್ಟು ದೀರ್ಘವೆಂದು.

ಭಿನ್ನಾಭಿಪ್ರಾಯಕ್ಕೆ ಮಕ್ಕಳ ಬಳಿ ಸಾಮಾನ್ಯವಾಗಿ ಎರಡೇ ಮಾತು ಇರುತ್ತವೆ: ‘ಸುಳ್ಳು’ ಮತ್ತು ‘ಟೀಚರ್, ನೋಡಿ!’ ಇನ್ನಷ್ಟು ವಾಕ್ಯಗಳನ್ನು ಕೊಟ್ಟು ರೂಢಿ ಮಾಡಿಸಬೇಕು. ‘ನೀನು ಹೇಳಿದ್ದು ಹೀಗೆ ಅಂದುಕೊಂಡೆ, ಸರಿಯಾ?’ ‘ಅದು ಒಪ್ಪುತ್ತೇನೆ, ಇದೊಂದು ಬಿಟ್ಟು.’ ‘ನಿನಗೆ ಹೇಗೆ ಗೊತ್ತಾಯಿತು?’ ಎದುರಿನವರ ಮಾತನ್ನು ಅವರು ಒಪ್ಪುವಂತೆ ಮರಳಿ ಹೇಳಿದ ಮೇಲೆಯೇ ತನ್ನ ಮಾತು ಎಂಬ ಒಂದೇ ನಿಯಮ ಅರ್ಧ ಜಗಳ ಇಳಿಸುತ್ತದೆ. ಹೊರಗಿನ ಬಿಸಿ ವಿವಾದ ತರಗತಿಗೆ ಬಂದರೆ ಶಿಕ್ಷಕರು ತಮ್ಮ ಪಕ್ಷ ಹೇಳದೆ, ಯಾವುದು ನಡೆದ ಸಂಗತಿ, ಯಾವುದು ಅಭಿಪ್ರಾಯ ಎಂದು ಕರಿಹಲಗೆಯ ಮೇಲೆ ಎರಡು ಕಂಬ ಮಾಡಿಸುವುದು ಕ್ಷೇಮ. ಆದರೆ ಒಂದು ಮಗುವಿನ ಮೈಬಣ್ಣ, ಭಾಷೆ, ಅಂಗವೈಕಲ್ಯ ಅಥವಾ ನಂಬಿಕೆಯನ್ನು ಹೀಗಳೆದರೆ ಅದು ಅಭಿಪ್ರಾಯದ ಕಂಬಕ್ಕೆ ಸೇರುವುದಿಲ್ಲ. ಅಲ್ಲಿಯೇ ತಡೆಯಬೇಕು.

## ತರಗತಿಯಿಂದ ಹೊರಗೆ: ಒಂದು ನಲ್ಲಿಯ ಉದಾಹರಣೆ

ಮಕ್ಕಳ ನಾಗರಿಕ ಕೆಲಸಕ್ಕೆ ಆರು ವಾರ, ವಾರಕ್ಕೆ ಎರಡು ಅವಧಿ ಬೇಕು. ಸಮಸ್ಯೆ ಚಿಕ್ಕದಿರಬೇಕು, ಮಕ್ಕಳು ಕಣ್ಣಾರೆ ಕಾಣುವಂಥದ್ದಿರಬೇಕು, ಅದನ್ನು ಸರಿಪಡಿಸಬಲ್ಲ ಒಬ್ಬ ನಿರ್ದಿಷ್ಟ ವ್ಯಕ್ತಿ ಇರಬೇಕು. ‘ಜಲ ಸಂರಕ್ಷಣೆ’ ಈ ಮೂರೂ ಅಲ್ಲ. ‘ಕೈತೊಳೆಯುವಲ್ಲಿ ಸೋರುವ ನಲ್ಲಿ’ ಮೂರೂ ಹೌದು.

ಮೊದಲ ವಾರ ಶಾಲೆ ಸುತ್ತಿ ಪಟ್ಟಿ ಮಾಡಿ ಒಂದನ್ನು ಆರಿಸುತ್ತಾರೆ. ಎರಡನೇ ವಾರ ಅಳತೆ. ನಲ್ಲಿಯ ಕೆಳಗೆ ಅಳತೆಯ ಪಾತ್ರೆಯನ್ನು ಹತ್ತು ನಿಮಿಷ ಇಟ್ಟಾಗ 30 ಮಿಲಿಲೀಟರ್ ನೀರು ಬಿತ್ತು ಎಂದುಕೊಳ್ಳಿ. ಗಂಟೆಗೆ 180 ಮಿಲಿಲೀಟರ್, ದಿನಕ್ಕೆ 4,320, ಅಂದರೆ ನಾಲ್ಕು ಲೀಟರ್‌ಗೂ ಮಿಗಿಲು. ಒಂದೇ ಅಳತೆ ನಂಬಬಾರದು, ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಅಳೆಯಬೇಕು. ಮೂರನೇ ವಾರ ಕಾರಣ ಹುಡುಕುವುದು. ‘ದೊಡ್ಡ ಹುಡುಗರು ಸರಿಯಾಗಿ ತಿರುಗಿಸುವುದಿಲ್ಲ’ ಎಂಬುದು ಮಕ್ಕಳ ಮೊದಲ ಊಹೆಯಾಗಿರಬಹುದು. ಬಿಗಿಯಾಗಿ ತಿರುಗಿಸಿದರೂ ಸೋರಿದರೆ ಒಳಗಿನ ವಾಷರ್ ಸವೆದಿದೆ. ಸುಮ್ಮನೆ ಬೈಸಿಕೊಳ್ಳಬೇಕಿದ್ದ ದೊಡ್ಡ ಹುಡುಗರು ಇಲ್ಲಿ ಪಾರಾಗುತ್ತಾರೆ. ನಾಗರಿಕ ಶಿಕ್ಷಣದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದು ಸಿಗಲಿಕ್ಕಿಲ್ಲ.

ನಾಲ್ಕನೇ ವಾರ ಇದು ಯಾರ ಹೊಣೆ ಎಂದು ವಿಚಾರಿಸಿ ಪತ್ರ ಬರೆಯುವುದು. ಪತ್ರದಲ್ಲಿ ಏನು ಕಂಡೆವು, ಹೇಗೆ ಅಳೆದೆವು, ಏನು ಕೋರುತ್ತೇವೆ, ನಾವೇನು ಮಾಡುತ್ತೇವೆ, ಯಾವಾಗ ವಿಚಾರಿಸಲು ಬರಬಹುದು ಎಂಬ ಐದು ಅಂಶ ಇರಲಿ. ಭಾಷೆಯನ್ನು ಶಿಕ್ಷಕರು ನುಣುಪು ಮಾಡಬಾರದು. ಐದನೇ ವಾರ ಉತ್ತರಕ್ಕೆ ಕಾಯುತ್ತಲೇ ತಮ್ಮ ಪಾಲಿನ ಕೆಲಸ: ಸೋರುವ ನೀರನ್ನು ಬಕೆಟ್‌ಗೆ ಹಿಡಿದು ಗಿಡಕ್ಕೆ ಹಾಕುವ ಪಾಳಿ. ಆರನೇ ವಾರ ಮತ್ತೆ ಅಳತೆ.

ಉತ್ತರ ಬರದೆಯೂ ಇರಬಹುದು. ಆಗ ಶಿಕ್ಷಕರು ಗುಟ್ಟಾಗಿ ಫೋನ್ ಮಾಡಿ ರಿಪೇರಿ ಮಾಡಿಸಿದರೆ ನಲ್ಲಿ ಸರಿಯಾಗುತ್ತದೆ, ಕಲಿಕೆ ನಿಲ್ಲುತ್ತದೆ. ಎರಡನೇ ಪತ್ರ, ಇಬ್ಬರು ಪ್ರತಿನಿಧಿಗಳ ಭೇಟಿ, ಇನ್ನೊಬ್ಬ ಅಧಿಕಾರಿಯ ಹುಡುಕಾಟ ಎಲ್ಲವೂ ಪಾಠವೇ. ಸೈಕಲ್ ಕಲಿಸುವವರು ಹಿಂದಿನಿಂದ ಸೀಟು ಹಿಡಿದು ಓಡುತ್ತಾರೆಯೇ ಹೊರತು ಹ್ಯಾಂಡಲ್‌ಗೆ ಕೈ ಹಾಕುವುದಿಲ್ಲ. ಇಲ್ಲೂ ಅಷ್ಟೇ.

## ತೋರಿಕೆಯ ಪಾಲ್ಗೊಳ್ಳುವಿಕೆ

ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದರು. ಕೆಳಗಿನ ಮೂರು ಮೆಟ್ಟಿಲು ಪಾಲ್ಗೊಳ್ಳುವಿಕೆಯೇ ಅಲ್ಲ: ಮಕ್ಕಳನ್ನು ದೊಡ್ಡವರ ಉದ್ದೇಶಕ್ಕೆ ಬಳಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ನೆಪಕ್ಕೆ ಮಾತಾಡಿಸುವುದು. ಅರ್ಥವಾಗದ ಘೋಷಣೆಯ ಫಲಕ ಹಿಡಿದು ಮೆರವಣಿಗೆ ಹೋಗುವುದು, ದೊಡ್ಡವರು ಬರೆದ ಭಾಷಣವನ್ನು ಬಾಯಿಪಾಠ ಒಪ್ಪಿಸುವುದು ಈ ಗುಂಪಿನವು. ನಾಲ್ಕನೆಯದರಿಂದ ನಿಜವಾದದ್ದು ಶುರು: ಕೆಲಸ ಹಚ್ಚಿದವರು ದೊಡ್ಡವರೇ ಆದರೂ, ಯಾಕೆಂಬುದು ಮಗುವಿಗೆ ಗೊತ್ತಿರುತ್ತದೆ. ಕಾರ್ಯಕ್ರಮ ಯಾವ ಕಡೆಯದೆಂದು ತಿಳಿಯಲು ‘ಇದನ್ನು ಯಾಕೆ ಮಾಡುತ್ತಿದ್ದೀಯ, ಬೇಡ ಎನ್ನಬಹುದಿತ್ತಾ?’ ಎಂದು ಮಗುವನ್ನೇ ಕೇಳಿದರೆ ಸಾಕು. ಎಲ್ಲ ಕೆಲಸವೂ ಎಂಟನೇ ಮೆಟ್ಟಿಲಲ್ಲೇ ಇರಬೇಕು ಎಂದೇನೂ ಇಲ್ಲ. ಆರು ವರ್ಷದವರಿಗೆ ನಾಲ್ಕು, ಐದು ಮೆಟ್ಟಿಲು ಧಾರಾಳ.

ದಾನದ ಕಾರ್ಯಕ್ರಮಗಳಿಗೂ ಇದೇ ಎಚ್ಚರಿಕೆ ಬೇಕು. ಕೊಡುವವರು, ಪಡೆಯುವವರು ಎಂದು ಮಕ್ಕಳು ಎರಡು ಬಗೆಯ ಜನರನ್ನು ಕಲ್ಪಿಸಿಕೊಂಡರೆ ಕಾಳಜಿ ಕನಿಕರವಾಗುತ್ತದೆ. ಪಡೆಯುವ ಮನೆಯ ಮಗು ಅದೇ ತರಗತಿಯಲ್ಲಿ ಕೂತಿರಬಹುದು. ಯಾರಿಗೆ ನೆರವಾಗಬೇಕೋ ಅವರನ್ನೇ ‘ನಿಮಗೇನು ಬೇಕು’ ಎಂದು ಕೇಳುವುದರಿಂದ ಶುರುಮಾಡಬೇಕು.

## ಚಾಡಿಯೋ, ಸುದ್ದಿ ಮುಟ್ಟಿಸುವುದೋ

ಕೀಟಲೆ, ಹಿಂಸೆ ನಡೆಯುವಾಗ ಸುತ್ತ ನಿಂತವರು ಸುಮ್ಮನಿರುವುದು ಕಲ್ಲೆದೆಯಿಂದಲ್ಲ. ಇತರರು ಜೊತೆಗಿದ್ದಾಗ ‘ಯಾರಾದರೂ ಹೋಗುತ್ತಾರೆ’ ಎಂಬ ಭಾವದಿಂದ ಐದು ವರ್ಷದವರೂ ಹಿಂದೆ ಸರಿಯುತ್ತಾರೆ ಎಂದು 2015ರ ಪ್ರಯೋಗವೊಂದು ತೋರಿಸಿತು. ಹಾಗಾಗಿ ಯಾರು ಏನು ಮಾಡಬಹುದು ಎಂದು ಮೊದಲೇ ಹೇಳಿಕೊಟ್ಟು ಅಭಿನಯಿಸಿ ರೂಢಿಸಬೇಕು. ಕೀಟಲೆಗೊಳಗಾದವಳ ಪಕ್ಕ ಹೋಗಿ ನಿಲ್ಲುವುದು, ‘ಬಾ, ಆಡೋಣ’ ಎಂದು ಕರೆದೊಯ್ಯುವುದು, ದೊಡ್ಡವರಿಗೆ ಹೇಳುವುದು. ಹೊಡೆಯುವವನನ್ನು ಎದುರಿಸಿ ಎಂದು ಚಿಕ್ಕವರಿಗೆ ಹೇಳಬಾರದು. ಇನ್ನೊಬ್ಬರನ್ನು ಸಿಕ್ಕಿಸಲು ಹೇಳುವುದು ಚಾಡಿ, ಇನ್ನೊಬ್ಬರನ್ನು ಪಾರುಮಾಡಲು ಹೇಳುವುದು ಸುದ್ದಿ ಮುಟ್ಟಿಸುವುದು. ಇಷ್ಟು ಸರಳವಾಗಿ ಹೇಳಿದರೆ ಆರು ವರ್ಷದವರಿಗೂ ತಿಳಿಯುತ್ತದೆ. ಆದರೆ ಸುದ್ದಿ ಮುಟ್ಟಿಸಿದ ಮಗುವಿಗೆ ‘ನಿನಗ್ಯಾಕೆ ಅದು’ ಎಂದು ಒಬ್ಬ ದೊಡ್ಡವರು ಒಂದು ಸಲ ಗದರಿದರೂ, ಆಮೇಲೆ ಯಾವ ಮಗುವೂ ಹೇಳುವುದಿಲ್ಲ.

## ಫಲ ಕಾಣುತ್ತಿದೆಯೇ ಎಂದು ತಿಳಿಯುವುದು

ಕಾಳಜಿಗೆ ಅಂಕ ಕೊಡಬಾರದು. ಅಂಕವೂ ಬಹುಮಾನವೇ, ಅದರ ತೊಂದರೆ ಆಗಲೇ ನೋಡಿದ್ದೇವೆ. ಬದಲಿಗೆ ಶಿಕ್ಷಕರು ತಿಂಗಳಿಗೊಮ್ಮೆ ಕೆಲವನ್ನು ಗುರುತು ಹಾಕಿಕೊಳ್ಳಬಹುದು. ಪೆಟ್ಟಿಗೆಯ ಚೀಟಿಗಳಲ್ಲಿ ‘ನನಗೆ’ ಎಂಬವು ಎಷ್ಟು, ‘ನಮಗೆ’, ‘ಅವರಿಗೆ’ ಎಂಬವು ಎಷ್ಟು? ಸಭೆಯಲ್ಲಿ ಒಮ್ಮೆಯೂ ಮಾತಾಡದವರ ಸಂಖ್ಯೆ ಇಳಿದಿದೆಯೇ? ಬರೆದ ತೀರ್ಮಾನಗಳಲ್ಲಿ ಎಷ್ಟು ಜಾರಿಯಾದವು? ಜಗಳಗಳಲ್ಲಿ ಎಷ್ಟನ್ನು ದೊಡ್ಡವರ ಬಳಿ ತರುವ ಮೊದಲೇ ಬಗೆಹರಿಸಿಕೊಂಡರು? ಚೀಟಿಗಳು ಏಕಾಏಕಿ ನಿಂತುಹೋದರೆ ಸಮಸ್ಯೆ ಮುಗಿದವು ಎಂದುಕೊಳ್ಳಬೇಡಿ. ಹೇಳಿ ಪ್ರಯೋಜನವಿಲ್ಲ ಎಂದು ಮಕ್ಕಳಿಗೆ ಅನ್ನಿಸಿರುವ ಸಂಭವವೇ ಹೆಚ್ಚು, ಬಾಕಿ ಉಳಿದ ತೀರ್ಮಾನಗಳ ಪುಟವನ್ನು ತೆರೆದು ನೋಡಬೇಕು.

## ಮನೆಯವರಿಗೆ

ಪೋಷಕರು ಬೇರೆ ಪಾಠ ಮಾಡಬೇಕಿಲ್ಲ. ಇಡೀ ಮನೆಗೆ ಉಪಯೋಗವಾಗುವ ಒಂದು ಕೆಲಸ ಮಗುವಿನದ್ದಾಗಿರಲಿ, ಅದಕ್ಕೆ ಹಣ ಕೊಡುವುದು ಬೇಡ. ಮಗು ಸರಿಯಾಗಿ ಮಾಡಲಿಲ್ಲವೆಂದು ಅದರ ಕಣ್ಣೆದುರೇ ಮತ್ತೆ ಮಾಡುವುದೂ ಬೇಡ. ಮನೆಯ ಒಂದು ನಿಯಮವನ್ನಾದರೂ ಕೂತು ಮಾತಾಡಿ ಮಾಡಿದ್ದಾಗಿರಲಿ, ಮೊಬೈಲ್ ಎತ್ತಿಡುವ ವೇಳೆಯಂಥದ್ದು. ಆ ನಿಯಮ ದೊಡ್ಡವರಿಗೂ ಅನ್ವಯಿಸುತ್ತದೆ, ಮುರಿದರೆ ಮಗು ನೆನಪಿಸಬಹುದು. ನೆನಪಿಸಿದಾಗ ಸಿಟ್ಟು ಬರುವುದು ಸಹಜ. ಹೌದೆಂದು ಒಪ್ಪಿ ಮೊಬೈಲ್ ಕೆಳಗಿಡಬೇಕು.